ಸೊಂಟದಲ್ಲಿ ಎಲ್ಲರಿಗೂ ಕಾಣುವ ಪಿಸ್ತೂಲು: ಕಾಯ್ದೆ ಏನು ಹೇಳುತ್ತದೆ, ನಮಗೆ ಏನು ಬೇಕು?



ಕಳೆದ ಕೆಲವು ಸಭೆಗಳಲ್ಲಿ ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವೊಂದು ಮತ್ತೆ ಮತ್ತೆ ಚರ್ಚೆಗೆ ಬರುತ್ತಿದೆ. ಅಮೇರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ಕೊಲ್ಹಾಪುರದ ಸದಸ್ಯರು, ಅಲ್ಲಿ ಜನ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡೇ ಕಿರಾಣಿ ಅಂಗಡಿಗೆ ಬರುತ್ತಾರೆ ಎಂದು ಹೇಳಿದರು. ಇಚಲಕರಂಜಿಯ ನೂಲಿನ ವ್ಯಾಪಾರಸ್ಥರು, "ರಾತ್ರಿ ರೊಕ್ಕ ತಗೊಂಡು ಮನೆಗೆ ಬರೋ ನಮಗೂ ಅಂಥ ಅನುಮತಿ ಇದ್ದರ ಏನ ತಪ್ಪ?" ಎಂದು ಕೇಳಿದರು. ಗಡಹಿಂಗ್ಲಜ ಕಡೆಯ ರೈತ ಬಾಂಧವರಿಗೆ ಮನೆಯಲ್ಲಿರುವ ಅಜ್ಜನ ಕಾಲದ ಬಂದೂಕಿನ ಚಿಂತೆ. ಮೂವರ ಪ್ರಶ್ನೆಯೂ ಒಂದೇ ಕಾಯ್ದೆಗೆ ಸೇರಿದ್ದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇವೆ.

ಇಂದಿನ ಕಾಯ್ದೆ

ನಮ್ಮ ದೇಶದಲ್ಲಿ ಬಂದೂಕು, ಪಿಸ್ತೂಲು, ರಿವಾಲ್ವರ್‌ಗಳಿಗೆ ಸಂಬಂಧಿಸಿದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ. ಇದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದರ 3ನೇ ಕಲಮಿನ ಪ್ರಕಾರ ಪರವಾನಿಗೆ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಒಬ್ಬರು 3 ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದಾಗಿತ್ತು. 2019ರ ತಿದ್ದುಪಡಿಯಿಂದ ಅದು 2ಕ್ಕೆ ಇಳಿಯಿತು. ಅದೇ ತಿದ್ದುಪಡಿಯಲ್ಲಿ ಪರವಾನಿಗೆಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು.

ಪರವಾನಿಗೆ ಇದ್ದ ಮಾತ್ರಕ್ಕೆ ಅದನ್ನು ಎಲ್ಲರಿಗೂ ತೋರಿಸುತ್ತ ಅಡ್ಡಾಡಬಹುದೇ? ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಅದಕ್ಕೆಂದೇ ಮಾಡಿದ ಹೋಲ್‌ಸ್ಟರ್‌ನಲ್ಲಿ ಇಲ್ಲವೇ ಚೀಲದಲ್ಲಿ ಇಟ್ಟಿರಬೇಕು, ಅದು ಪೂರ್ತಿ ಮುಚ್ಚಿರಬೇಕು, ಇಟ್ಟುಕೊಂಡವರ ಹಿಡಿತದಲ್ಲಿಯೇ ಇರಬೇಕು. ಮದುವೆ, ಜಾತ್ರೆ, ಮೆರವಣಿಗೆ, ಸಭೆಗಳಲ್ಲಿ ಅದನ್ನು ಝಳಪಿಸುವುದಾಗಲಿ ಹಾರಿಸುವುದಾಗಲಿ ನಿಷಿದ್ಧ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇದನ್ನು ಸೇರಿಸಿದ್ದೂ 2019ರಲ್ಲಿಯೇ.

ಇದರ ಮೇಲೆ ನಮ್ಮ ರಾಜ್ಯದ ಇನ್ನೊಂದು ಕಾಯ್ದೆಯೂ ಇದೆ. 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಹಬ್ಬ, ಚುನಾವಣೆ, ಮೋರ್ಚಾಗಳ ಕಾಲದಲ್ಲಿ ಬಂದೂಕು ಅಷ್ಟೇ ಅಲ್ಲ, ಕತ್ತಿ, ಚಾಕು, ಬಡಿಗೆಗಳನ್ನೂ ಹಿಡಿದು ತಿರುಗಬಾರದೆಂದು ಆದೇಶ ಹೊರಡಿಸಬಹುದು. ಪತ್ರಿಕೆಗಳ ಮೂಲೆಯಲ್ಲಿ ಬರುವ ಇಂಥ ಆದೇಶಗಳನ್ನು ನಾವೆಲ್ಲ ಓದಿದ್ದೇವೆ. ಕಾರ್ಯಕ್ರಮ ಇಟ್ಟುಕೊಳ್ಳುವ ಸಂಘಗಳು ಅದನ್ನು ತಪ್ಪದೆ ನೋಡಬೇಕು.

ಪರವಾನಿಗೆ ಯಾರಿಗೆ?

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ತರಿಸಿಕೊಂಡು ಅರ್ಜಿಯನ್ನು ವಿಚಾರಣೆ ಮಾಡುತ್ತಾರೆ. ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಭೇದವಿದೆ. ಸ್ವರಕ್ಷಣೆಗೋ ಕ್ರೀಡೆಗೋ ಬೇಕಾದ ಉದ್ದ ನಳಿಗೆಯ ಸಾದಾ ಬಂದೂಕು, ಬೆಳೆ ರಕ್ಷಣೆಗೆ ಬೇಕಾದ ಮದ್ದು ತುಂಬುವ ಬಂದೂಕು, ಇವುಗಳನ್ನು ಕಾಯ್ದೆಯ 13ನೇ ಕಲಂ ಸ್ವಲ್ಪ ಸಡಿಲವಾಗಿ ನೋಡುತ್ತದೆ. ಆದರೆ ಪಿಸ್ತೂಲು, ರಿವಾಲ್ವರ್ ಬೇಕೆಂದರೆ ಅದಕ್ಕೆ "ಯೋಗ್ಯ ಕಾರಣ" ಇದೆಯೆಂದು ಅಧಿಕಾರಿಗೆ ಮನವರಿಕೆ ಆಗಬೇಕು. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ. ಒಟ್ಟಿನಲ್ಲಿ ನಮ್ಮಲ್ಲಿ ಪಿಸ್ತೂಲು ಅನುಮತಿಯ ವಸ್ತು, ಹಕ್ಕಿನ ವಸ್ತು ಅಲ್ಲ.

ಟೆಕ್ಸಾಸ್ ಹೇಗೆ ಬೇರೆ?

ಅಮೇರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಶಸ್ತ್ರ ಹೊಂದುವುದನ್ನು ಹಕ್ಕೆಂದು ಹೇಳಿದೆ. ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪು ಕೊಟ್ಟಿತು. ವಿಶೇಷ ಕಾರಣ ತೋರಿಸಿದವರಿಗೆ ಮಾತ್ರ ಹೊರಗೆ ಪಿಸ್ತೂಲು ಒಯ್ಯಲು ಪರವಾನಿಗೆ ಎಂಬ ನ್ಯೂಯಾರ್ಕ್ ರಾಜ್ಯದ ನಿಯಮವನ್ನು 2022ರ ಜೂನ್‌ನಲ್ಲಿ ರದ್ದು ಮಾಡಿತು. ಅಂದರೆ ನಮ್ಮಲ್ಲಿ ಅಧಿಕಾರಿ ಮೊದಲು ಕೇಳುವ "ಕಾರಣವೇನು?" ಎಂಬ ಪ್ರಶ್ನೆಯನ್ನು ಅಲ್ಲಿ ಕೇಳುವ ಹಾಗೆಯೇ ಇಲ್ಲ.

ಟೆಕ್ಸಾಸಿನಲ್ಲಿ ಪರವಾನಿಗೆ ಉಳ್ಳವರು ಪಿಸ್ತೂಲನ್ನು ಕಾಣುವಂತೆ ಕಟ್ಟಿಕೊಳ್ಳುವುದು 2016ರ ಜನವರಿ 1ರಿಂದ ಕಾಯ್ದೆಬದ್ಧವಾಯಿತು. 2021ರ ಸೆಪ್ಟೆಂಬರ್ 1ರಿಂದ, ಕೆಲವು ನಿರ್ಬಂಧಗಳೊಂದಿಗೆ, 21 ತುಂಬಿದವರಿಗೆ ಪರವಾನಿಗೆಯೂ ಬೇಡವಾಯಿತು. ಆದರೂ ಅಂಗಡಿಯವರು "ಇಲ್ಲಿ ಶಸ್ತ್ರ ತರಬೇಡಿ" ಎಂದು ಫಲಕ ಹಾಕಬಹುದು. ಅಲ್ಲಿಯೂ ಈ ಬಗ್ಗೆ ಒಮ್ಮತವಿಲ್ಲ. ಕಾಣುವ ಪಿಸ್ತೂಲು ಕಳ್ಳನನ್ನು ದೂರ ಇಡುತ್ತದೆ ಎನ್ನುವವರೂ ಇದ್ದಾರೆ, ಸಣ್ಣ ಜಗಳವನ್ನು ಹೆಣ ಬೀಳುವವರೆಗೆ ಒಯ್ಯುತ್ತದೆ ಎನ್ನುವವರೂ ಇದ್ದಾರೆ.

ನಮ್ಮ ನೆಲದ ಕಥೆ

ಹಾಗಾದರೆ ನಮ್ಮ ಹಿರಿಯರು ಈ ಹಕ್ಕನ್ನು ಕೇಳಲೇ ಇಲ್ಲವೇ? ಕೇಳಿದ್ದರು, ಪ್ರಾಣ ಕೊಟ್ಟೂ ಕೇಳಿದ್ದರು. ಅದರ ಕಥೆ ನಮ್ಮ ಸುತ್ತಮುತ್ತಲೇ ಇದೆ.

ಗಡಹಿಂಗ್ಲಜ ಹತ್ತಿರದ ಸಾಮಾನಗಡದಲ್ಲಿ 1844ರಲ್ಲಿ ಗಡಕರಿಗಳು ದಂಗೆ ಎದ್ದರು. ವಂಶಪಾರಂಪರ್ಯವಾಗಿ ಕೋಟೆ ಕಾಯುತ್ತ ಬಂದ ಅವರ ಹಕ್ಕಿನ ಜಮೀನಿಗೆ ಹೊಸ ಆಡಳಿತ ಕೈಹಾಕಿತೆಂಬುದು ಅವರ ಸಿಟ್ಟು. ಆ ವರ್ಷದ ಅಕ್ಟೋಬರ್‌ನಲ್ಲಿ ಇಂಗ್ಲಿಷರು ಕೋಟೆಯನ್ನು ಗೆದ್ದರು. 1857ರ ಜುಲೈ 31ರ ರಾತ್ರಿ ಕೊಲ್ಹಾಪುರದಲ್ಲಿ 27ನೇ ದೇಶಿ ಪದಾತಿ ಪಡೆ ಬಂಡಾಯ ಎದ್ದಿತು. ಅದೇ ವರ್ಷ ಇಂಗ್ಲಿಷ್ ಸರಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಿತು.

ಆ ಕಾಯ್ದೆಗೆ ಬಗ್ಗದವರು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು. ಆಯುಧ ಅವರ ಹೊಟ್ಟೆಪಾಡು, ಅವರ ಮಾನ. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನೇ ಸುಟ್ಟಿತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಿದರು. ಅವರ ಮೇಲಿನ ಲಾವಣಿಯನ್ನು ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳೂ ಇದ್ದಾರೆ. ಮುಂದೆ 1878ರ ಶಸ್ತ್ರ ಕಾಯ್ದೆಯಲ್ಲಿ ಭಾರತೀಯರಿಗೆ ಪರವಾನಿಗೆ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ ಎಂಬ ಭೇದ ಬಂತು. ಈ ಅವಮಾನವನ್ನು ನೆನೆದೇ 1931ರ ಕರಾಚಿ ಕಾಂಗ್ರೆಸ್ ಅಧಿವೇಶನ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕನ್ನು ಪೌರರ ಮೂಲಭೂತ ಹಕ್ಕುಗಳ ಠರಾವಿನಲ್ಲಿ ಸೇರಿಸಿತು.

ಸ್ವಾತಂತ್ರ್ಯ ಬಂದ ಮೇಲೆ, 1948ರ ಡಿಸೆಂಬರ್‌ನಲ್ಲಿ, ಸಂವಿಧಾನ ಸಭೆಯಲ್ಲಿ ಈ ಮಾತು ಮತ್ತೆ ಎದ್ದಿತು. ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಕರಾಚಿ ಠರಾವಿನ ಹಕ್ಕನ್ನು ಸಂವಿಧಾನದಲ್ಲಿಯೂ ಬರೆಯಬೇಕೆಂದು ಅವರು ತಿದ್ದುಪಡಿ ಸೂಚಿಸಿದರು. ಡಾ. ಬಾಬಾಸಾಹೇಬ ಅಂಬೇಡ್ಕರರು ಒಪ್ಪಲಿಲ್ಲ. ಪರಕೀಯ ಸರಕಾರ ತನ್ನ ಭಯಕ್ಕಾಗಿ ಜನರ ಆಯುಧ ಕಸಿದಿದ್ದ ಕಾಲದ ಬೇಡಿಕೆ ಅದು, ಆ ಪರಿಸ್ಥಿತಿ ಈಗಿಲ್ಲ, ಪ್ರತಿಯೊಬ್ಬನೂ ಪೇಟೆಗೆ ಹೋಗಿ ತಡೆಯಿಲ್ಲದೆ ಶಸ್ತ್ರ ಕೊಳ್ಳುವಂತಾದರೆ ರಾಜ್ಯ ನಡೆಸುವುದು ಹೇಗೆ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು.

ಅದರ ಬದಲು ನಮಗೆ ಸಿಕ್ಕದ್ದು ಏನು? 19ನೇ ಅನುಚ್ಛೇದದ 1ನೇ ಖಂಡದ (ಬಿ) ಉಪಖಂಡ: ಶಾಂತಿಯಿಂದ ಮತ್ತು ಶಸ್ತ್ರಗಳಿಲ್ಲದೆ ಸಭೆ ಸೇರುವ ಹಕ್ಕು. ಸದಸ್ಯರು ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು. "ಶಸ್ತ್ರಗಳಿಲ್ಲದೆ" ಎಂಬ ಷರತ್ತು ಆ ಹಕ್ಕಿನ ಒಳಗೇ ಇದೆ.

ಬೇಕು ಎನ್ನುವವರ ವಾದ

ಬೇಕು ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪೊಲೀಸರು ಬರುವುದರೊಳಗೆ ಎಲ್ಲ ಮುಗಿದಿರುತ್ತದೆ ಎನ್ನುವುದು ನಿಜ. ದೊಡ್ಡವರ ಹಿಂದೆ ಬಂದೂಕುಧಾರಿ ಅಂಗರಕ್ಷಕ ಇರುತ್ತಾನೆ, ಮಗ್ಗದವನ ಹಿಂದೆ ಯಾರೂ ಇರುವುದಿಲ್ಲ ಎನ್ನುವುದೂ ನಿಜ.

ಕೊಡಗಿನ ಉದಾಹರಣೆಯನ್ನೂ ಅವರು ಕೊಡುತ್ತಾರೆ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಿಗೆಯಿಂದ ವಿನಾಯಿತಿ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಅಲ್ಲಿ ಕೋವಿ ಮನೆತನದ ಸಂಪ್ರದಾಯದ ಭಾಗ. ಕೈಲ್ ಮುಹೂರ್ತದಲ್ಲಿ ಅದಕ್ಕೆ ಪೂಜೆ, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಗುಂಡು. ಮನೆಯ ಹಿರಿಯರ ಕಣ್ಣೆದುರಿಗಿರುವ ಆ ಕೋವಿಯನ್ನೂ ಪೇಟೆಯ ನೂಕುನುಗ್ಗಲಿನಲ್ಲಿ ಅಪರಿಚಿತನೊಬ್ಬನ ಸೊಂಟದಲ್ಲಿರುವ ಪಿಸ್ತೂಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನಮ್ಮ ಅಭಿಪ್ರಾಯ

2015ರಲ್ಲಿ ಆರು ತಿಂಗಳ ಅಂತರದಲ್ಲಿ ಎರಡು ಹತ್ಯೆಗಳನ್ನು ನಾವು ಕಂಡೆವು. ಫೆಬ್ರುವರಿ 16ರ ಬೆಳಿಗ್ಗೆ ಕೊಲ್ಹಾಪುರದಲ್ಲಿ ವಾಯುವಿಹಾರ ಮುಗಿಸಿ ಮನೆಗೆ ಬರುತ್ತಿದ್ದ ಗೋವಿಂದ ಪಾನಸರೆ ಮತ್ತು ಅವರ ಪತ್ನಿಯ ಮೇಲೆ ಗುಂಡು ಹಾರಿತು. ಪಾನಸರೆಯವರು 20ರಂದು ತೀರಿಕೊಂಡರು. ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಕೊಂದರು. ಅವರ ಕೈಯಲ್ಲಿ ಪಿಸ್ತೂಲು ಇದ್ದಿದ್ದರೆ ಬದುಕುತ್ತಿದ್ದರೇ? ನೆರೆಮನೆಯವರೋ ಶಿಷ್ಯರೋ ಎಂದು ನಂಬಿ ಬಾಗಿಲಿಗೆ ಬರುವವನಿಗೆ ಪಿಸ್ತೂಲು ತೆಗೆಯುವ ಹೊತ್ತು ಎಲ್ಲಿರುತ್ತದೆ? ಪಿಸ್ತೂಲು ಯಾವಾಗಲೂ ಮೊದಲು ತೆಗೆದವನ ಕಡೆಗೇ ಇರುತ್ತದೆ. ಇಂದು ಪೇಟೆಯಲ್ಲಿ ಒಬ್ಬನ ಸೊಂಟದಲ್ಲಿ ಪಿಸ್ತೂಲು ಕಂಡರೆ ಪೊಲೀಸರು ತಕ್ಷಣ ತಡೆದು ಕೇಳಬಹುದು, ನಾವೂ ದೂರು ಕೊಡಬಹುದು. ತೋರಿಸಿಕೊಂಡು ತಿರುಗುವುದೇ ಕಾಯ್ದೆಬದ್ಧವಾದರೆ, ಕೊಲ್ಲಲು ಹೊರಟವನೂ ಗುಂಡು ಹಾರಿಸುವ ಕ್ಷಣದವರೆಗೆ ಸಭ್ಯ ಪ್ರಜೆಯೇ.

ಇನ್ನು ನಮ್ಮಂಥ ಸಂಘಗಳ ಮಾತು. ನಾವು ಈ ಜಿಲ್ಲೆಯಲ್ಲಿ ಭಾಷಾ ಅಲ್ಪಸಂಖ್ಯಾತರು. ಗಡಿಯ ವಿವಾದ ಬಿಸಿಯಾದಾಗ ಎರಡೂ ಕಡೆ ಘೋಷಣೆ ಏಳುತ್ತವೆ, ಬಸ್ಸು ನಿಲ್ಲುತ್ತವೆ, ಫಲಕಗಳಿಗೆ ಮಸಿ ಬೀಳುತ್ತದೆ. ಆದರೂ ಮರುವಾರ ಅದೇ ಮರಾಠಿ ನೆರೆಯವರೊಂದಿಗೆ ಕುಳಿತು ಚಹಾ ಕುಡಿಯುತ್ತೇವೆ. ಮಸಿ ತೊಳೆದರೆ ಹೋಗುತ್ತದೆ, ಗುಂಡು ತಗಲಿದವನು ತಿರುಗಿ ಬರುವುದಿಲ್ಲ. ಸಭಾಗೃಹದ ಬಾಗಿಲಲ್ಲಿ ಇಬ್ಬರು ಪಿಸ್ತೂಲು ಕಟ್ಟಿಕೊಂಡು ಸುಮ್ಮನೆ ನಿಂತರೂ ಸಾಕು, ಒಂದು ಮಾತೂ ಆಡಬೇಕಿಲ್ಲ. ನಮ್ಮ ಹೆಣ್ಣುಮಕ್ಕಳು, ಮಕ್ಕಳು ಆ ಕಾರ್ಯಕ್ರಮಕ್ಕೆ ಬರುವುದು ನಿಂತುಹೋಗುತ್ತದೆ. ಕಡಿಮೆ ಜನರಿರುವವರ ಸಭೆಗೆ "ಶಸ್ತ್ರಗಳಿಲ್ಲದೆ" ಎಂಬ ಆ ಶಬ್ದವೇ ಕಾವಲು. ಆದ್ದರಿಂದ 32ನೇ ನಿಯಮ ಈಗಿರುವಂತೆಯೇ ಇರಬೇಕು ಎಂಬುದು ನಮ್ಮ ಅಭಿಪ್ರಾಯ.

ಇದರರ್ಥ ಪಿಸ್ತೂಲನ್ನು ಕಂಡು ಮುಖ ತಿರುಗಿಸಬೇಕೆಂದಲ್ಲ. ನಮ್ಮ ಕೊಲ್ಹಾಪುರ ಗುರಿಕಾರರ ಊರು. ತೇಜಸ್ವಿನಿ ಸಾವಂತ 2010ರಲ್ಲಿ ವಿಶ್ವ ಚಾಂಪಿಯನ್ ಆದರು. ರಾಹಿ ಸರನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲು ವಿಭಾಗದ ಚಿನ್ನ ಗೆದ್ದರು. ರಾಧಾನಗರಿ ತಾಲೂಕಿನ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಮಕ್ಕಳಿಗೆ ಆಸಕ್ತಿ ಇದ್ದರೆ ತರಬೇತಿ ಕೇಂದ್ರಕ್ಕೆ ಸೇರಿಸಿ. ಅಲ್ಲಿ ಮೊದಲು ಕಲಿಸುವುದು ಶಿಸ್ತು.

ಸದಸ್ಯರು ಗಮನಿಸಬೇಕಾದದ್ದು

1. ಪರವಾನಿಗೆ ಹೊಂದಿದವರು ತೀರಿಕೊಂಡರೆ ಬಂದೂಕನ್ನು ಮನೆಯ ಅಟ್ಟದ ಮೇಲೆ ಇಟ್ಟು ಮರೆಯಬೇಡಿ. 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ ಪಾವತಿ ತೆಗೆದುಕೊಳ್ಳಿ, ನಂತರ ವಾರಸುದಾರರ ಹೆಸರಿಗೆ ಅರ್ಜಿ ಹಾಕಿ.

2. ಪರವಾನಿಗೆದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಲು 2016ರ ನಿಯಮಗಳಲ್ಲಿ ಅವಕಾಶವಿದೆ. ಗಡಹಿಂಗ್ಲಜ ಕಡೆಯ ಹಿರಿಯರಿಗೆ ಇದು ಉಪಯೋಗವಾದೀತು.

3. ನವೀಕರಣದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಚುನಾವಣೆಯ ಕಾಲದಲ್ಲಿ ಜಮಾ ಮಾಡಲು ನೋಟೀಸು ಬಂದರೆ ಪಾಲಿಸಿ, ಪಾವತಿ ಜೋಪಾನ ಮಾಡಿ.

4. ಇಚಲಕರಂಜಿಯ ವ್ಯಾಪಾರಸ್ಥ ಬಾಂಧವರು ಆದಷ್ಟು ವ್ಯವಹಾರವನ್ನು ಬ್ಯಾಂಕಿನ ಮೂಲಕವೇ ಮಾಡಿ. ರೊಕ್ಕ ಒಯ್ಯಲೇಬೇಕಾದರೆ ಇಬ್ಬರು ಹೋಗಿ, ದಿನವೂ ಒಂದೇ ದಾರಿ, ಒಂದೇ ವೇಳೆ ಬೇಡ.

5. ಸಂಘದ ಯಾವುದೇ ಕಾರ್ಯಕ್ರಮಕ್ಕೆ, ಪರವಾನಿಗೆ ಇದ್ದವರೂ ಸಹ, ಶಸ್ತ್ರ ತರಬಾರದೆಂದು ವಿನಂತಿ.

ಭಿನ್ನ ಅಭಿಪ್ರಾಯ ಉಳ್ಳವರು ಮುಂದಿನ ಮಾಸಿಕ ಸಭೆಗೆ ಅವಶ್ಯ ಬನ್ನಿರಿ. ಅರ್ಜಿ ಬರೆಯಲು ಸಹಾಯ ಬೇಕಾದವರು ಹಳೆಯ ಪರವಾನಿಗೆಯ ಝೆರಾಕ್ಸ್ ಪ್ರತಿ ತನ್ನಿರಿ, ಕುಳಿತು ಬರೆದು ಕೊಡುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ