ವಾಲ್ಟೇರಿನ ಗುಡ್ಡ, ಬೆಜವಾಡದ ಹೊಳೆ

ಆಂಧ್ರ ವಿಶ್ವವಿದ್ಯಾನಿಲಯವು 1926ರಲ್ಲಿ ಜನ್ಮ ತಳೆದುದು ಕೃಷ್ಣಾತೀರದ ಬೆಜವಾಡದಲ್ಲಿ. ನಾಲ್ಕು ವರ್ಷಗಳ ತರುವಾಯ, 1930ರಲ್ಲಿ, ಪೂರ್ವಸಮುದ್ರದ ಮಗ್ಗುಲಿನ ವಾಲ್ಟೇರು ಅದರ ಸ್ಥಿರನಿವಾಸವಾಯಿತು. ಬೆಜವಾಡ ಇಂದಿನ ವಿಜಯವಾಡ. ವಾಲ್ಟೇರು ಇಂದಿನ ವಿಶಾಖಪಟ್ಟಣದ ಒಂದು ಭಾಗ. ಎರಡರ ನಡುವಣ ರೈಲುದಾರಿ ಸುಮಾರು 350 ಕಿಲೋಮೀಟರು. ವಿದ್ಯಾರ್ಜನೆಗೆಂದು ಕನ್ನಡನಾಡಿನಿಂದ ಈ ಪರಪ್ರಾಂತಕ್ಕೆ ಬಂದ ವಿದ್ಯಾರ್ಥಿಯು ವಾರವಿಡೀ ತರಗತಿ, ಪ್ರಯೋಗಶಾಲೆ, ಗ್ರಂಥಾಲಯಗಳಲ್ಲಿ ಕಳೆದು, ಶನಿವಾರ ಮಧ್ಯಾಹ್ನ ಚೀಲವೊಂದನ್ನು ಹೆಗಲಿಗೇರಿಸಿ ಹೊರಬೀಳುವ ಅಭ್ಯಾಸವನ್ನು ರೂಢಿಸಿಕೊಂಡನಾದರೆ, ಊರಿನಲ್ಲಿದ್ದಾಗ ಕಣ್ಣಿಗೆ ಬೀಳದ ತನ್ನ ನಾಡಿನ ಎಷ್ಟೋ ಸಂಗತಿಗಳು ಇಲ್ಲಿ ಅವನಿಗೆ ಗೋಚರಿಸುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ವಿದ್ಯಾಲಯದ ಆವರಣದಲ್ಲಿಯೇ ಆ ಸಂಗತಿಗಳು ಮೊದಲಾಗುತ್ತವೆ. ಅದರ ಪ್ರಥಮ ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮುಗಿಸಿ ಬಂದು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, ಅನಂತರ ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿ ದುಡಿದವರು. ಕಾನೂನುಭಂಗ ಚಳವಳಿಯ ದಿನಗಳಲ್ಲಿ ಸರಕಾರದ ದಮನನೀತಿಯನ್ನು ಪ್ರತಿಭಟಿಸಿ ಅವರು ಕುಲಪತಿ ಪದವಿಯನ್ನು ತ್ಯಜಿಸಿದಾಗ ಆ ಪೀಠವನ್ನೇರಿದ ಸರ್ವೇಪಲ್ಲಿ ರಾಧಾಕೃಷ್ಣನ್ನರೂ 1918ರಿಂದ 1921ರವರೆಗೆ ಅದೇ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವರೇ. ಮೈಸೂರಿನಿಂದ ಅವರನ್ನು ಬೀಳ್ಕೊಡುವಾಗ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ನಿಲ್ದಾಣ ಮುಟ್ಟಿಸಿದ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಮೈಸೂರಿನ ಒಂದೇ ಕಾಲೇಜು ತೆಲುಗರ ಮೊದಲ ವಿಶ್ವವಿದ್ಯಾನಿಲಯಕ್ಕೆ ಅದರ ಮೊದಲ ಇಬ್ಬರು ಕುಲಪತಿಗಳನ್ನು ಒದಗಿಸಿತೆಂಬುದು ನಮ್ಮಲ್ಲಿ ಇನ್ನಷ್ಟು ಮಂದಿ ನೆನೆಯಬೇಕಾದ ವಿಷಯ.

ಮತ್ತೊಬ್ಬರನ್ನು ಇಲ್ಲಿ ಹೆಸರಿಸದೆ ಮುಂದೆ ಹೋಗಲಾರೆ. 1920ರಲ್ಲಿ ಹೂವಿನಹಡಗಲಿಯಲ್ಲಿ, ತೆಲುಗು ಮಾತನಾಡುವ ಮನೆತನದಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ವಿಶಾಖಪಟ್ಟಣದಲ್ಲಿ ಓದಿ, ಈ ವಿಶ್ವವಿದ್ಯಾನಿಲಯದಿಂದಲೇ ಗಣಿತದಲ್ಲಿ ಎಂ.ಎ. ಪದವಿಯನ್ನು ಗಳಿಸಿ, ಕಲ್ಕತ್ತೆಗೆ ಹೋಗಿ, ಇನ್ನೂ ಇಪ್ಪತ್ತೈದರ ಪ್ರಾಯದಲ್ಲಿ, 1945ರಲ್ಲಿ ಪ್ರಕಟಿಸಿದ ಒಂದೇ ಲೇಖನದಿಂದ ಸಂಖ್ಯಾಶಾಸ್ತ್ರದಲ್ಲಿ ಚಿರಸ್ಥಾಯಿಯಾದರು. ಹಡಗಲಿಯಿಂದ ಕಡಲಿಗೆ, ಕಡಲಿನಿಂದ ಕಲ್ಕತ್ತೆಗೆ, ಅಲ್ಲಿಂದ ಕೇಂಬ್ರಿಜ್ಜಿಗೆ ಸಾಗಿದ ಆ ಜೀವನಪಥವು ಗಣಿತವಿಭಾಗದ ಮೆಟ್ಟಿಲೇರುವ ಪ್ರತಿಯೊಬ್ಬ ಕನ್ನಡದ ಹುಡುಗನಿಗೂ ತಿಳಿದಿರಬೇಕು.

ವಸತಿಗೃಹದ ಜೀವನವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅನ್ನದ ಮೇಲೆ ಪಪ್ಪು, ತುಪ್ಪ, ಕಂದಿಪುಡಿ, ಗೋಂಗೂರದ ಪಚ್ಚಡಿ. ಖಾರಕ್ಕೆ ನಾಲಗೆ ಒಗ್ಗಲು ಕೆಲವು ವಾರ ಬೇಕು. ಉಲವಚಾರನ್ನು ಮಾತ್ರ ಹುರುಳಿಸಾರಿನ ನಾಡಿನವನು ಮೊದಲ ದಿನವೇ ಗುರುತಿಸುತ್ತಾನೆ. ಲಿಪಿಯ ಸಾದೃಶ್ಯದಿಂದ ಅಂಗಡಿಯ ಹಲಗೆಗಳನ್ನು ಬಹು ಬೇಗ ಓದಿಕೊಳ್ಳುತ್ತಾನೆ. ಆಫ್ರಿಕಾ, ಏಷ್ಯಾಗಳ ಅನೇಕ ದೇಶಗಳಿಂದ ಬಂದು ಇಲ್ಲಿ ಓದುವವರೂ ಇದ್ದಾರೆ. ಸಮುದ್ರಗಳನ್ನು ದಾಟಿ ಬಂದ ಆ ಸಹಪಾಠಿಗಳ ಪಕ್ಕದಲ್ಲಿ ಕುಳಿತಾಗ ರಾಯಚೂರಿನವನಿಗೂ ಹಾಸನದವನಿಗೂ ತನ್ನ ಪರದೇಶವಾಸದ ಅಳಲು ಬಹಳ ಹಗುರವಾಗಿ ಕಾಣುತ್ತದೆ. ಸಾಯಂಕಾಲ ಎಲ್ಲರೂ ರಾಮಕೃಷ್ಣಾ ಬೀಚಿಗೆ ಇಳಿಯುತ್ತಾರೆ. ಅಲ್ಲಿ 1969ರಿಂದ 2001ರವರೆಗೆ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ ಕುರ್ಸುರಾ ಎಂಬ ಸಬ್‌ಮೆರೀನು ಮರಳ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಇದೇ ಕಡಲಿನ ಕಡೆಯಿಂದ 1942ರ ಏಪ್ರಿಲಿನಲ್ಲಿ ಜಪಾನೀ ವಿಮಾನಗಳು ಬಂದು ನಗರದ ಮೇಲೆ ಬಾಂಬುಗಳನ್ನು ಕೆಡವಿದುವು. ಯುದ್ಧದ ಆ ವರ್ಷಗಳಲ್ಲಿ ವಿಶ್ವವಿದ್ಯಾನಿಲಯವು ಗುಂಟೂರಿಗೆ ವಲಸೆ ಹೋಗಬೇಕಾಯಿತು.

ಭಾನುವಾರದ ಮೊದಲ ಯಾತ್ರೆ ಸಾಮಾನ್ಯವಾಗಿ ಸಿಂಹಾಚಲಕ್ಕೆ. ವರಾಹನರಸಿಂಹನ ಮೂರ್ತಿಯು ವರ್ಷವೆಲ್ಲ ಚಂದನದ ಲೇಪದೊಳಗೆ ಮರೆಯಾಗಿದ್ದು, ಅಕ್ಷಯತೃತೀಯೆಯ ಒಂದು ದಿನ ಮಾತ್ರ ನಿಜರೂಪದಲ್ಲಿ ದರ್ಶನ ಕೊಡುತ್ತದೆ. ಕಳಿಂಗದ ಗಂಗರು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಈ ದೇವಾಲಯಕ್ಕೆ ಗಜಪತಿಯ ಮೇಲೆ ದಂಡೆತ್ತಿ ಬಂದ ಕೃಷ್ಣದೇವರಾಯನು 1516ರಲ್ಲಿ ಭೇಟಿಯಿತ್ತು, ಮುತ್ತಿನ ಹಾರವೇ ಮೊದಲಾದ ಆಭರಣಗಳನ್ನು ಸಮರ್ಪಿಸಿದುದನ್ನು ಇಲ್ಲಿಯ ಶಿಲಾಶಾಸನವು ಸಾರುತ್ತದೆ. ಹಂಪೆಯ ದೊರೆಯ ಹೆಸರನ್ನು ಹಂಪೆಯಿಂದ ಇಷ್ಟು ದೂರದಲ್ಲಿ ಕಂಡಾಗ ಸಾಮ್ರಾಜ್ಯವೆಂಬುದರ ವಿಸ್ತಾರವು ಯಾವ ಭೂಪಟವೂ ತಿಳಿಸದಷ್ಟು ಸ್ಪಷ್ಟವಾಗಿ ಮನಸ್ಸಿಗೆ ತಟ್ಟುತ್ತದೆ.

ಆದರೆ ನನ್ನ ಅಭಿಪ್ರಾಯದಲ್ಲಿ ರಾಯನ ದಂಡಯಾತ್ರೆಗಿಂತ ಹೆಚ್ಚು ಹೃದ್ಯವಾದುದು ಅವನಿಗೂ ಎರಡು ಶತಮಾನಗಳಿಗೆ ಮೇಲ್ಪಟ್ಟು ಹಿಂದೆ ಇಲ್ಲಿ ಬಾಳಿದ ನರಹರಿತೀರ್ಥರ ಚರಿತ್ರೆ. ಮಧ್ವಾಚಾರ್ಯರ ಸಾಕ್ಷಾತ್ ಶಿಷ್ಯರಾದ ಅವರು ಕಳಿಂಗದ ರಾಜ್ಯಾಡಳಿತದಲ್ಲಿ ಉನ್ನತ ಸ್ಥಾನದಲ್ಲಿದ್ದು, ಶ್ರೀಕಾಕುಳದ ಬಳಿಯ ಶ್ರೀಕೂರ್ಮದಲ್ಲಿ 1281ರಲ್ಲಿ ಯೋಗಾನಂದ ನರಸಿಂಹನ ಗುಡಿಯೊಂದನ್ನು ಕಟ್ಟಿಸಿದರು; ಮಾಧ್ವಪೀಠದ ಮೂಲರಾಮನ ವಿಗ್ರಹವು ಇಲ್ಲಿಂದಲೇ ಅವರ ಮೂಲಕ ಆಚಾರ್ಯರ ಕೈ ಸೇರಿತೆಂದು ಸಂಪ್ರದಾಯವು ಹೇಳುತ್ತದೆ. ಕನ್ನಡದಲ್ಲಿ ಹರಿದಾಸರ ಕೀರ್ತನಪರಂಪರೆಗೆ ನಾಂದಿ ಹಾಡಿದವರೆಂದು ನಾವು ಗೌರವಿಸುವ ಈ ಮಹನೀಯರ ಬೃಂದಾವನವಿರುವುದು ಹಂಪೆಯ ತುಂಗಭದ್ರೆಯ ದಡದಲ್ಲಿ. ಅವರ ಕರ್ಮಭೂಮಿಯಾಗಿದ್ದುದು ಈ ಪೂರ್ವಕರಾವಳಿ. ಪುರಂದರದಾಸರ ಪದಗಳನ್ನು ಕೇಳುತ್ತ ಬೆಳೆದ ವಿದ್ಯಾರ್ಥಿಯು ಶ್ರೀಕೂರ್ಮದ ಕಂಬಗಳ ಮೇಲಿನ ಶಾಸನಗಳ ಮುಂದೆ ಒಂದು ಗಳಿಗೆಯಾದರೂ ನಿಲ್ಲಬೇಕೆಂದು ನಾನು ಬಯಸುತ್ತೇನೆ.

ಇನ್ನೊಂದು ವಾರಾಂತ್ಯ ಅರಕು ಕಣಿವೆಗೆ. ಬೈಲಾಡಿಲದ ಕಬ್ಬಿಣದ ಅದಿರನ್ನು ಬಂದರಿಗೆ ತಂದು ಜಪಾನಿಗೆ ಸಾಗಿಸುವ ಸಲುವಾಗಿ 1960ರ ದಶಕದಲ್ಲಿ ಹಾಸಿದ ಕೊತ್ತವಲಸ–ಕಿರಂದೂಲ್ ರೈಲುಮಾರ್ಗವು ಐವತ್ತೆಂಟು ಸುರಂಗಗಳನ್ನು ಹಾದು ಶಿಮಿಲಿಗುಡದಲ್ಲಿ 996 ಮೀಟರು ಎತ್ತರವನ್ನು ಮುಟ್ಟುತ್ತದೆ. (ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಸುರಂಗಗಳು ಐವತ್ತೇಳು, ಮಲೆನಾಡಿನ ಹುಡುಗರು ಈ ಒಂದರ ಅಂತರವನ್ನು ಕುರಿತು ದಾರಿಯುದ್ದಕ್ಕೂ ವಾದಿಸುವುದುಂಟು.) ನಡುವೆ ಬೊರ್ರಾ ಗುಹೆಗಳು: ಗೋಸ್ತನಿಯ ನೀರು ಸುಣ್ಣಕಲ್ಲನ್ನು ಯುಗಯುಗಗಳ ಕಾಲ ಕರಗಿಸಿ ಕೊರೆದ ಭೂಗರ್ಭದ ಮಂಟಪ. ಅದೇ ಗೋಸ್ತನಿ ಬೆಟ್ಟವಿಳಿದು ಭೀಮುನಿಪಟ್ಟಣದಲ್ಲಿ ಸಮುದ್ರವನ್ನು ಸೇರುತ್ತದೆ. ಆ ಸಂಗಮದ ಬಳಿ ಡಚ್ಚರ ಹಳೆಯ ಗೋರಿಗಳಿವೆ, ದಾರಿಯಲ್ಲಿ ಕೆಂಪು ಮರಳಿನ ದಿಬ್ಬಗಳೂ ತೊಟ್ಲಕೊಂಡದ ಬೌದ್ಧವಿಹಾರದ ಅವಶೇಷಗಳೂ ಇವೆ. ಒಂದು ಭಾನುವಾರ ನದಿಯ ಮೇಲ್ಭಾಗವನ್ನೂ ಮುಂದಿನ ಭಾನುವಾರ ಅದರ ಮುಖವನ್ನೂ ನೋಡುವುದು ಉತ್ತಮವಾದ ಕ್ರಮ. ಅರಕುವಿನಲ್ಲಿ ಆದಿವಾಸಿ ಕುಟುಂಬಗಳು ಮರಗಳ ನೆರಳಿನಲ್ಲಿ ಬೆಳೆಯುವ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದೇ ವರ್ಷ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಕಾಫಿಗೂ ಅದೇ ಮನ್ನಣೆ ಸಂದಿತು.

ವಿಜಯವಾಡಕ್ಕೆ ಹೋಗುವವರು ಮಧ್ಯಾಹ್ನದ ರತ್ನಾಚಲ್ ಎಕ್ಸ್‌ಪ್ರೆಸ್ಸನ್ನು ಹಿಡಿಯುತ್ತಾರೆ. ತುನಿ, ಅನ್ನವರಂ, ರಾಜಮಹೇಂದ್ರಿಯ ವಿಶಾಲವಾದ ಗೋದಾವರಿ, ಏಲೂರು ಒಂದೊಂದಾಗಿ ಹಿಂದೆ ಸರಿದು, ಹೊತ್ತು ಮುಳುಗಿದ ಮೇಲೆ ಕೃಷ್ಣೆಯ ಊರು ಬರುತ್ತದೆ. ಏಳನೆಯ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಿಕೇಶಿಯು ತನ್ನ ತಮ್ಮನಾದ ಕುಬ್ಜವಿಷ್ಣುವರ್ಧನನನ್ನು ಈ ಸೀಮೆಯ ವೆಂಗಿಯಲ್ಲಿ ನೆಲೆಗೊಳಿಸಿದುದರಿಂದ ಪೂರ್ವಚಾಲುಕ್ಯವಂಶವು ಇಲ್ಲಿ ತಲೆಯೆತ್ತಿತು. ಆದಿಕವಿ ಪಂಪನ ಪೂರ್ವಿಕರ ಊರಾದ ವಂಗಿಪರ್ರು ಇದೇ ವೆಂಗಿನಾಡಿನದು. ಪೊನ್ನನೂ ಇದೇ ನಾಡಿನ ಮೂಲದವನು. ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದನೆಂದು ಸ್ಥಳಪುರಾಣವು ಹೇಳುವ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ದೇವಾಲಯವಿದೆ. ದಸರೆಯ ದಿನಗಳಲ್ಲಿ ಮೂಲಾನಕ್ಷತ್ರದಂದು ದೇವಿಗೆ ಸರಸ್ವತಿಯ ಅಲಂಕಾರ. ಅಂದು ಲೇಖನಿ, ಪುಸ್ತಕಗಳನ್ನು ಹಿಡಿದು ಬೆಟ್ಟವೇರುವ ವಿದ್ಯಾರ್ಥಿಗಳ ಸಾಲನ್ನು ಮೈಸೂರಿನ ದಸರೆಯನ್ನು ಕಂಡವರೂ ನೋಡತಕ್ಕದ್ದು.

ಹೊಳೆಯಾಚೆ ಉಂಡವಲ್ಲಿಯಲ್ಲಿ ಒಂದೇ ಬೆಟ್ಟವನ್ನು ನಾಲ್ಕು ಅಂತಸ್ತುಗಳಾಗಿ ಕೊರೆದ ಗುಹಾಲಯವಿದ್ದು, ಅದರಲ್ಲಿ ಶೇಷಶಯನನಾದ ಅನಂತಪದ್ಮನಾಭನು ಬೃಹದಾಕಾರದಲ್ಲಿ ಮಲಗಿದ್ದಾನೆ. ಪಶ್ಚಿಮಕ್ಕೆ ಕೊಂಡಪಲ್ಲಿ, ಅಲ್ಲಿಯ ಬೊಂಬೆಗಳು ತೆಲ್ಲಪೊಣಿಕಿ ಎಂಬ ಹಗುರ ಮರದವು. ಚನ್ನಪಟ್ಟಣದವರು ಆಲೆಮರವನ್ನು ಚರಕಿಗೆ ಕೊಟ್ಟು ತಿರುಗಿಸಿ ಅರಗಿನ ಬಣ್ಣವನ್ನು ಹಾಯಿಸಿದರೆ, ಇವರು ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಜೋಡಿಸಿ, ಮೇಲೆ ಬಣ್ಣ ಬಳಿಯುತ್ತಾರೆ.

ಇಷ್ಟಾದರೂ ವಿಜಯವಾಡದಲ್ಲಿ ನನ್ನ ಮನಸ್ಸು ನೆಲಸುವುದು ಪ್ರಕಾಶಂ ಬ್ಯಾರೇಜಿನ ಮೇಲೆ. 1855ರಲ್ಲಿ ಮುಗಿದ ಹಳೆಯ ಆಣೆಕಟ್ಟು 1952ರಲ್ಲಿ ಒಡೆದುಹೋದ ಮೇಲೆ, 1957ರಲ್ಲಿ ಸಿದ್ಧವಾದ ಈ ಕಟ್ಟೆಯು ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿದ್ದು, ಮುಖಜಭೂಮಿಯ ಹನ್ನೆರಡು ಲಕ್ಷ ಎಕರೆಗೂ ಹೆಚ್ಚು ನೆಲಕ್ಕೆ ನೀರುಣಿಸುತ್ತದೆ. ಇಲ್ಲಿಗೆ ಬರುವ ನೀರು ಆಲಮಟ್ಟಿಯಲ್ಲಿ ನಿಂತು, ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು, ರಾಯಚೂರಿನ ಸೀಮೆಯಲ್ಲಿ ಭೀಮೆಯನ್ನೂ ಮುಂದೆ ತುಂಗಭದ್ರೆಯನ್ನೂ ಸೇರಿಸಿಕೊಂಡು, ಶ್ರೀಶೈಲ, ನಾಗಾರ್ಜುನಸಾಗರಗಳನ್ನು ದಾಟಿ ಬಂದುದು. ಬಾಗಲಕೋಟೆ, ವಿಜಯಪುರಗಳ ರೈತಮಕ್ಕಳು ತಮ್ಮ ಹೊಲದ ಅಂಚಿನ ಹೊಳೆಯೇ ಇಲ್ಲಿ ಪರರ ಭತ್ತದ ಗದ್ದೆಗಳಿಗೆ ಕಾಲುವೆಯಾಗಿ ತಿರುಗುವುದನ್ನು ಕಾಣುತ್ತಾರೆ. ನೀರಿನ ಪಾಲಿಗಾಗಿ ನ್ಯಾಯಮಂಡಲಿಗಳ ಮುಂದೆ ದಶಕಗಳಿಂದ ನಡೆದಿರುವ ವ್ಯಾಜ್ಯವನ್ನು ವೃತ್ತಪತ್ರಿಕೆಗಳಲ್ಲಿ ಓದುವ ನಾವು, ಆ ನೀರನ್ನು ನಂಬಿದ ಕೆಳದಂಡೆಯ ಜನರನ್ನೂ ಒಮ್ಮೆ ಮುಖತಃ ಕಾಣುವುದು ಒಳಿತು. ಈ ಕೆಲಸಕ್ಕೆ ಮಂತ್ರಿಗಳಿಗಿಂತ ವಿದ್ಯಾರ್ಥಿಗಳು ಯೋಗ್ಯರೆಂದು ನಾನು ಭಾವಿಸುತ್ತೇನೆ.

ಬ್ಯಾರೇಜನ್ನು ನೋಡಲು ಶ್ರಾವಣ, ಭಾದ್ರಪದಗಳೇ ತಕ್ಕ ಕಾಲ. ಮೇಲಣ ಜಲಾಶಯಗಳು ತುಂಬಿದ ವರ್ಷಗಳಲ್ಲಿ ಆಗ ಬಾಗಿಲುಗಳೆಲ್ಲ ತೆರೆದಿರುತ್ತವೆ. ಬೇಸಿಗೆಯಲ್ಲಿ ವಿಜಯವಾಡದ ಬಿಸಿಲು ಅತ್ಯುಗ್ರವಾದುದರಿಂದ ಆ ತಿಂಗಳುಗಳ ಭಾನುವಾರಗಳನ್ನು ಅರಕುವಿಗೂ ಭೀಮುನಿಪಟ್ಟಣಕ್ಕೂ ಮೀಸಲಿಡುವುದು ಲೇಸು. ಹುಬ್ಬಳ್ಳಿಯ ಕಡೆಯವರಿಗೆ ಅಮರಾವತಿ ಎಕ್ಸ್‌ಪ್ರೆಸ್ಸು ವಿಜಯವಾಡದ ಮೇಲೆಯೇ ಹಾದುಹೋಗುವುದರಿಂದ, ರಜೆಗೆ ಊರಿಗೆ ಹೋಗುವಾಗಲೂ ಬರುವಾಗಲೂ ಅಲ್ಲಿ ಒಂದು ದಿನ ಇಳಿದುಕೊಳ್ಳಬಹುದು.