ಮೈನಸ್ ಎಂಬತ್ತರ ಮೆಲ್ಫಿ

ನೆರಳಿನಲ್ಲಿರುವಾಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈಯಲ್ಲಿ ಮೈನಸ್ ನೂರು ಡಿಗ್ರಿಗೂ ಕೆಳಗಿನ ಚಳಿ. ಹಾಗಾದರೆ ಸಂಶೋಧನೆಗೆಂದು ತೆಗೆದ ಗಗನಯಾನಿಗಳ ರಕ್ತ ಕೆಡದಂತಿಡಲು ಅದರ ಟ್ಯೂಬುಗಳನ್ನು ಹೊರಗೆ ಕಟ್ಟಿಬಿಟ್ಟರೆ ಸಾಲದೆ? ಸಾಲದು. ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಬಿಸಿಲಿಗೆ ಬಂದ ಕೂಡಲೇ ಅದೇ ಜಾಗ ನೂರು ಡಿಗ್ರಿ ದಾಟುತ್ತದೆ. ಅದಕ್ಕೇ ಒಳಗೊಂದು ಫ್ರೀಜರ್ ಬೇಕಾಯಿತು. ಹೆಸರು ಮೆಲ್ಫಿ.

ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಮಾಡಿಸಿಕೊಟ್ಟ ಇದು 2006ರ ಜುಲೈನಲ್ಲಿ ಡಿಸ್ಕವರಿ ನೌಕೆಯೇರಿ ಹೋಯಿತು. ಬೀರುವಿನಷ್ಟು ದೊಡ್ಡ ಚೌಕಟ್ಟಿನೊಳಗೆ ನಿರ್ವಾತದ ಗೋಡೆಯ ನಾಲ್ಕು ಕೊಠಡಿಗಳು, ಒಟ್ಟು 300 ಲೀಟರ್. ಒಂದೊಂದನ್ನೂ ಬೇಕೆಂದಂತೆ ಮೈನಸ್ 80, ಮೈನಸ್ 26 ಅಥವಾ 4 ಡಿಗ್ರಿಗೆ ಇಡಬಹುದು. ತಂಪು ಕೊಡುವುದು ಸಾರಜನಕ. ನಿಮಿಷಕ್ಕೆ ಸುಮಾರು 90,000 ಸುತ್ತು ತಿರುಗುವ ಪುಟ್ಟ ಯಂತ್ರವೊಂದು ಅದನ್ನು ಒತ್ತಿ, ಹುಟ್ಟಿದ ಶಾಖವನ್ನು ನಿಲ್ದಾಣದ ನೀರಿನ ಕೊಳವೆಗಳಿಗೆ ದಾಟಿಸಿ, ಮತ್ತೆ ಹಿಗ್ಗಲು ಬಿಡುತ್ತದೆ. ಹಿಗ್ಗಿದ ಅನಿಲ ಕೊರೆಯುವಷ್ಟು ತಣ್ಣಗಾಗುತ್ತದೆ. ಸೋರಿದರೂ ವಿಷವಲ್ಲ, ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅದೇ ತಾನೆ!

ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಸೀರಂ ಬೇರ್ಪಡಿಸುವುದೆಲ್ಲ ಗಗನಯಾನಿಗಳದೇ ಕೆಲಸ. ಆಮೇಲೆ ದಪ್ಪ ಕೈಗವಸು ತೊಟ್ಟು ಟ್ರೇ ಹೊರಗೆಳೆದು, ಟ್ಯೂಬು ತೇಲಿಹೋಗದಂತೆ ಸಿಕ್ಕಿಸಿ, ಬೇಗ ಮುಚ್ಚಬೇಕು. ತಡಮಾಡಿದರೆ ಗಾಳಿಯ ತೇವ ಒಳಗೆ ಮಂಜಾಗಿ ಕೂರುತ್ತದೆ, ಪಕ್ಕದ ಮಾದರಿಗಳೂ ಬೆಚ್ಚಗಾಗುತ್ತವೆ.

ನನ್ನ ಲೆಕ್ಕದಲ್ಲಿ ನಿಜವಾದ ಫಜೀತಿ ಇರುವುದು ಮಾದರಿಗಳನ್ನು ಭೂಮಿಗೆ ಇಳಿಸುವುದರಲ್ಲಿ. 2011ರಲ್ಲಿ ಡಿಸ್ಕವರಿಯಂಥ ಶಟಲ್‌ಗಳು ನಿವೃತ್ತಿಯಾದವು. ರಷ್ಯಾದ ಸೋಯುಜ್‌ನಲ್ಲಿ ಮೂವರು ಕೂತರೆ ಸಾಮಾನಿಗೆ ಉಳಿಯುವ ಜಾಗ ತೀರಾ ಕಡಿಮೆ. ಮಾದರಿಗಳು ಮೇಲೆಯೇ ಕಾದವು. 2012ರ ಅಕ್ಟೋಬರ್‌ನಲ್ಲಿ ಡ್ರ್ಯಾಗನ್ ನೌಕೆ ಗ್ಲೇಸಿಯರ್ ಎಂಬ ಫ್ರೀಜರ್ ಹೊತ್ತು ಹೋಯಿತು. ಹೋಗುವಾಗ ಖಾಲಿ ಯಾಕೆಂದು ಅದರಲ್ಲಿ ಐಸ್‌ಕ್ರೀಂ ಇಟ್ಟಿದ್ದರು. ಬರುವಾಗ ಡ್ರ್ಯಾಗನ್ ತಂದದ್ದು ರಕ್ತ, ಮೂತ್ರ. ಸದ್ಯ, ಕ್ರಮ ಅದಲುಬದಲಾಗಲಿಲ್ಲ.

ನಮ್ಮ ಧಾರವಾಡಕ್ಕೂ ಈ ತಂಪಿನ ನಂಟಿದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು ರೂಪಿಸಿದ ಪ್ರಯೋಗಕ್ಕಾಗಿ 2025ರಲ್ಲಿ ಭಾರತದ ಗಗನಯಾನಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿ, ಫೋಟೊ ತೆಗೆದು, ಫ್ರೀಜರ್‌ಗೆ ಸೇರಿಸಿದರು. ಹಾಗೇ ತಂದಿದ್ದರೆ ಮೊಳಕೆ ಬೆಳೆಯುತ್ತಲೇ ಇರುತ್ತಿತ್ತು. ಇಳಿಯುವಾಗಿನ ಒತ್ತಡ, ಇಳಿದ ಮೇಲಿನ ಗುರುತ್ವ ಎರಡೂ ಅದರ ಮೇಲೆ ತಮ್ಮ ಕೈ ತೋರಿಸುತ್ತಿದ್ದವು. ಆಮೇಲೆ ಯಾವ ಬದಲಾವಣೆ ಮೇಲಿನದು, ಯಾವುದು ಕೆಳಗಿನದು ಎಂದು ಬಿಡಿಸುವುದು ಯಾವ ಪ್ರಯೋಗಾಲಯಕ್ಕೂ ಸುಲಭವಲ್ಲ.