ನಗರದ ಪಂಚಾಂಗ ಶ್ರವಣ

ಯುಗಾದಿಯಂದು ಬೇವು ಬೆಲ್ಲ ಹಂಚಿಕೊಂಡ ಮೇಲೆ ಪಂಚಾಂಗ ಶ್ರವಣ ಮಾಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ದೇವಸ್ಥಾನದ ಜಗಲಿಯಲ್ಲೋ ಊರ ಅರಳಿಕಟ್ಟೆಯ ಮೇಲೋ ಜನ ಸೇರುತ್ತಾರೆ. ಜೋಯಿಸರು ಹೊಸ ಪಂಚಾಂಗವನ್ನು ಬಿಡಿಸಿ, ಈ ಸಂವತ್ಸರಕ್ಕೆ ರಾಜನಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಯಾವ ಧಾನ್ಯಕ್ಕೆ ಬೆಲೆ ಏರುವುದು, ಯಾವ ರಾಶಿಯವರಿಗೆ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನು ಓದಿ ಹೇಳುತ್ತಾರೆ. ಕೇಳಿದವರು ಅದನ್ನೆಲ್ಲ ನಂಬುತ್ತಾರೆಂದಲ್ಲ. ಆದರೆ ವರ್ಷದ ಮೊದಲ ದಿನ ಊರಿನ ಮುಂದಿನ ಸ್ಥಿತಿಗತಿಯನ್ನು ಊರೆಲ್ಲ ಒಂದೆಡೆ ಕುಳಿತು ಕೇಳುವುದರಲ್ಲಿ ಒಂದು ವಿವೇಕವಿದೆ.

ನಗರಕ್ಕೂ ಇಂಥದೊಂದು ಪಂಚಾಂಗ ಶ್ರವಣವಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಗರಾಡಳಿತದ ವರ್ಷವು ಏಪ್ರಿಲ್ 1ರಂದು ಮೊದಲಾಗುತ್ತದೆ. ಚೈತ್ರ ಮಾಸವೂ ಅದರ ಆಸುಪಾಸಿನಲ್ಲೇ ಬರುತ್ತದೆ. ನಗರಪಾಲಿಕೆಯ ಬಜೆಟ್ಟಿಗೆ ಕನ್ನಡದಲ್ಲಿ ನಾವು ಕೊಟ್ಟಿರುವ ಹೆಸರು 'ಆಯವ್ಯಯ'. ಪಂಚಾಂಗದ ಅದೇ ಜೋಡಿ ಮಾತು ಪಾಲಿಕೆಯ ಕಡತಕ್ಕೆ ಬಂದು ಕುಳಿತಿದೆ. ಹೊಂಗೆ ಚಿಗುರಿ ಹೂ ಉದುರಿಸುವ ಈ ದಿನಗಳಲ್ಲಿ, ವೈಟ್‌ಫೀಲ್ಡಿನ ಕಡೆಯ ರಸ್ತೆಗಳಲ್ಲಿ ಟಬೇಬುಯಾ ಮರಗಳು ಎಲೆಯನ್ನೆಲ್ಲ ಕಳೆದುಕೊಂಡು ಗುಲಾಬಿ ಬಣ್ಣದಲ್ಲಿ ನಿಲ್ಲುವ ಈ ದಿನಗಳಲ್ಲಿ, ನಗರಾಡಳಿತವು ಒಂದರ ಹಿಂದೊಂದು ಪ್ರಕಟಣೆಯನ್ನು ಹೊರಡಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ಇಡೀ ವರ್ಷದ ಆಸ್ತಿ ತೆರಿಗೆಯನ್ನು ಕಟ್ಟಿದವರಿಗೆ ನೂರಕ್ಕೆ ಐದರ ರಿಯಾಯಿತಿ. ಮುಂಗಾರಿಗೆ ಮುಂಚೆ ರಾಜಕಾಲುವೆಗಳ ಹೂಳು ತೆಗೆಯುವ ಕೆಲಸ. ಕುಡಿಯುವ ನೀರಿನ ಮಿತ ಬಳಕೆಗೆ ಆದೇಶ. ಶ್ರೀರಾಮನವಮಿಯಂದು ಮಾಂಸ ಮಾರಾಟಕ್ಕೆ ನಿಷೇಧ. ಇವುಗಳನ್ನು ನಾವು ಪತ್ರಿಕೆಯ ಮೂಲೆಯಲ್ಲಿ ಕಂಡು ಪುಟ ತಿರುಗಿಸುತ್ತೇವೆ. ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಿಗೆ ಇವುಗಳ ಅರ್ಥವೇನು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಪ್ರಕಟಣೆ ಎಂಬುದು ಹೊಸ ವಸ್ತುವಲ್ಲ. ಹಿಂದೆ ಊರಿನಲ್ಲಿ ತಮಟೆ ಬಡಿದು ಡಂಗುರ ಸಾರುತ್ತಿದ್ದರು. ಡಂಗುರದ ಗುಣವೆಂದರೆ ಅದು ಕೇರಿಕೇರಿಗೂ ಹೋಗುತ್ತಿತ್ತು; ಓದು ಬರಹ ಬಾರದವನೂ ಅದನ್ನು ಕೇಳಿಸಿಕೊಳ್ಳಬಹುದಾಗಿತ್ತು. ಅನಂತರ ಛಾವಡಿಯ ಗೋಡೆಗೆ ಅಂಟಿಸಿದ ಕಾಗದ ಬಂದಿತು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆ ದೊರೆತದ್ದು ಆ ಕೇಂದ್ರದಿಂದಲೇ. ಆಗ ಡಂಗುರಕ್ಕೆ ಮತ್ತೆ ದನಿ ಬಂದಂತಾಯಿತು. ಈಗ ಪ್ರಕಟಣೆಯು ಕೈಯಲ್ಲಿರುವ ಫೋನಿಗೇ ಬರುತ್ತದೆ. ಆದರೆ ಸಾರಿದ ಮಾತು ತಲುಪಬೇಕಾದವರಿಗೆ ತಲುಪಿತೇ ಎಂಬ ಹಳೆಯ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ.

ಹೊರವಲಯದಲ್ಲಿ ಈ ಪ್ರಶ್ನೆ ಏಕೆ ಕಠಿಣವಾಗುತ್ತದೆ ಎಂಬುದಕ್ಕೆ ಆ ಪ್ರದೇಶದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ, ಬೆಂಗಳೂರು ಎಂಬ ಹೆಸರು ಮೊದಲು ಕಾಣುವುದು ಆ ಕಲ್ಲಿನಲ್ಲಿ, ಅಲ್ಲಿ ನಡೆದ ಕಾಳಗವೊಂದರ ಪ್ರಸ್ತಾಪದಲ್ಲಿ. ಊರಿನ ಹೆಸರನ್ನು ಸಾವಿರ ವರ್ಷಕ್ಕೂ ಮಿಕ್ಕಿ ಕಾಪಾಡಿದ ಆ ಹಳ್ಳಿ ಬೆಂಗಳೂರಿನ ಎಲ್ಲೆಯೊಳಕ್ಕೆ ಸೇರಿದ್ದು 2007ರಲ್ಲಿ. ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ, ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಬೇಸಾಯಕ್ಕೆಂದು ಜಮೀನು ಕೊಟ್ಟಾಗ. ಪೀಣ್ಯ ಬೆಳೆದದ್ದು 1970ರ ದಶಕದಿಂದೀಚೆಗೆ, ಸಣ್ಣ ಕೈಗಾರಿಕೆಗಳ ಲೇತು, ಅಚ್ಚು, ಲೋಹಲೇಪನದ ಕಾರ್ಖಾನೆಗಳಿಂದ. ಎಲೆಕ್ಟ್ರಾನಿಕ್ ಸಿಟಿಯನ್ನು ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಕಲ್ಪಿಸಿ ಕಟ್ಟಿಸಿದರು. ಹೀಗೆ ಮೂರು ಕಡೆಯೂ ಉದ್ಯೋಗ ಮೊದಲು ಬಂದಿತು. ನಗರಾಡಳಿತ ಬಹಳ ಹಿಂದೆ ಉಳಿಯಿತು.

2007ರಲ್ಲಿ ಹಳೆಯ ಮಹಾನಗರಪಾಲಿಕೆಗೆ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಿದರು. ಪೀಣ್ಯದ ಸುತ್ತಿನ ದಾಸರಹಳ್ಳಿ, ವೈಟ್‌ಫೀಲ್ಡಿನ ಸುತ್ತಿನ ಮಹದೇವಪುರ, ಈ ನಗರಸಭೆಗಳು ಅಂದಿಗೆ ಮುಗಿದವು. ವರ್ತೂರು, ಬೆಳ್ಳಂದೂರು, ಬೇಗೂರು ಮುಂತಾದೆಡೆ ಪಂಚಾಯಿತಿಯ ಬಾಗಿಲು ಮುಚ್ಚಿತು. ಎಲೆಕ್ಟ್ರಾನಿಕ್ ಸಿಟಿ ಮಾತ್ರ ಹೊರಗೆ ಉಳಿದು, 2013ರಲ್ಲಿ ತನ್ನದೇ ಕೈಗಾರಿಕಾ ನಗರಾಡಳಿತ ಪ್ರಾಧಿಕಾರವನ್ನು ಪಡೆಯಿತು. ಆದ್ದರಿಂದ ಅಲ್ಲಿ ರಸ್ತೆಯ ಈಚೆ ಬದಿಯ ಕಟ್ಟಡಕ್ಕೆ ಒಂದು ಆಡಳಿತ, ಆಚೆ ಬದಿಯ ಬಾಡಿಗೆ ಮನೆಗೆ ಇನ್ನೊಂದು. ಆ ಕಟ್ಟಡವನ್ನು ಗುಡಿಸುವಾಕೆ ಈ ಮನೆಯಲ್ಲಿ ವಾಸಿಸುತ್ತಾಳೆ. ಅವಳು ಯಾರ ಪ್ರಕಟಣೆಯನ್ನು ಕೇಳಬೇಕು?

ಇನ್ನು ನೀರಿನ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ದೊಡ್ಡ ನದಿಯಿಲ್ಲದ ದಿಣ್ಣೆ. ಹಳಬರು ಕೆರೆಗೆ ಕೆರೆಯನ್ನು ಜೋಡಿಸಿ ಬದುಕಿದರು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂದಿತು. 1974ರಲ್ಲಿ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನಿಂದ ಎತ್ತಿದ ನೀರು ಅದು. ನಾಲ್ಕು ಹಂತಗಳು ಮುಗಿದಾಗ ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು. ಆದರೆ ಅದರಲ್ಲಿ 110 ಹಳ್ಳಿಗಳ ಪಾಲು ಅತ್ಯಲ್ಪ. ಅವು ನಂಬಿದ್ದು ಕೊಳವೆಬಾವಿಯನ್ನು. ಈ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ಅದರ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಮೇಲೆ ಕೆರೆ ತುಂಬಿದರೆ ಬಿರುಕು ತುಂಬುತ್ತದೆ. ಕೆರೆಯಂಗಳ ಬಡಾವಣೆಯಾದರೆ ಬಿರುಕು ಒಣಗುತ್ತದೆ. ಪೀಣ್ಯದಲ್ಲಿ ಇನ್ನೂ ಒಂದು ಕಷ್ಟ. ಲೋಹಲೇಪನದ ಕಾರ್ಖಾನೆಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿರುವುದನ್ನು ಪರೀಕ್ಷೆಗಳು ತೋರಿಸಿವೆ. ಅಲ್ಲಿ ನೀರು ಸಿಕ್ಕರೂ ಅದು ಕುಡಿಯಲು ಯೋಗ್ಯವೇ ಎಂದು ಮತ್ತೆ ಕೇಳಬೇಕಾಗುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ವಸಂತದಲ್ಲಿ ನಗರದ ಪಂಚಾಂಗದ ತುಂಬ ನೀರಿನ ಮಾತೇ ಆಯಿತು. ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತು. 2024ರ ಮಾರ್ಚಿಯಲ್ಲಿ ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ಕಾರಂಜಿ ಹಾರಿಸುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಅದೇ ತಿಂಗಳು ಜಿಲ್ಲಾಡಳಿತವು ಟ್ಯಾಂಕರ್ ನೀರಿಗೆ ಬೆಲೆ ಕಟ್ಟಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000.

ಈ ಎರಡು ಪ್ರಕಟಣೆಗಳನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೊದಲನೆಯದು ನಲ್ಲಿ ಇರುವವನಿಗೆ ಹೇಳಿದ ಮಾತು. ಎರಡನೆಯದು ನಲ್ಲಿ ಇಲ್ಲದವನಿಗೆ. ಜಲಮಂಡಲಿಯ ಅಂದಿನ ದರದಲ್ಲಿ ಮನೆಬಳಕೆಯ ಮೊದಲ 8,000 ಲೀಟರಿಗೆ ಸಾವಿರ ಲೀಟರಿಗೆ ಏಳು ರೂಪಾಯಿ, ಎಂದರೆ ಲೀಟರಿಗೆ ಮುಕ್ಕಾಲು ಪೈಸೆಗೂ ಕಡಿಮೆ. ನಿಯಂತ್ರಿಸಿದ ಟ್ಯಾಂಕರ್ ದರದಲ್ಲಿ 6,000 ಲೀಟರಿನ ಹೊರೆಗೆ ಲೀಟರಿಗೆ ಹತ್ತು ಪೈಸೆ. ಒಂದೇ ನಗರದಲ್ಲಿ, ಒಂದೇ ಲೀಟರಿಗೆ ಹದಿನಾಲ್ಕು ಪಟ್ಟು ವ್ಯತ್ಯಾಸ, ಅದೂ ಸರ್ಕಾರ ಬೆಲೆಯನ್ನು ಇಳಿಸಿದ ಮೇಲೆ! ಮುಂದೆ 2024ರ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತಕ್ಕೆ ಚಾಲನೆ ದೊರೆಯಿತು, ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ ಈ 110 ಹಳ್ಳಿಗಳಿಗಾಗಿ. ಎಲ್ಲೆಯೊಳಗೆ ಸೇರಿದ ಮೇಲೆ ನದಿ ಅವರ ಬಾಗಿಲಿಗೆ ಬರಲು ಹದಿನೇಳು ವರ್ಷ ಬೇಕಾಯಿತು. ತೆರಿಗೆಯ ಚೀಟಿ ಅಷ್ಟು ಕಾಲ ಕಾಯಲಿಲ್ಲ.

ನಾನು ವಾಸಿಸುವುದು ಪೀಣ್ಯದ ಹಿಂಬದಿಯ ಒಂದು ಬಡಾವಣೆಯಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಒಂದು ವಠಾರವಿದೆ. ಸಾಲಾಗಿ ಹತ್ತು ಮನೆ, ಒಂದು ತೊಟ್ಟಿ. ಅಲ್ಲಿನ ಹೆಣ್ಣುಮಕ್ಕಳಲ್ಲಿ ಅನೇಕರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಎಂಟಕ್ಕೆಲ್ಲ ಮನೆ ಬಿಡುತ್ತಾರೆ. ಟ್ಯಾಂಕರ್ ಬರುವುದು ಹತ್ತಕ್ಕೆ. ಆ ಬೇಸಿಗೆಯಲ್ಲಿ ಒಬ್ಬಾಕೆಗೆ ದರದ ಪ್ರಕಟಣೆಯನ್ನು ಓದಿ ಹೇಳಿದೆ. ಆಕೆ ಕೇಳಿ, "ಮೇಷ್ಟ್ರೇ, ನೋಟೀಸು ಓನರ್‌ಗೆ ಬರುತ್ತೆ. ನೀರು ಬರದೇ ಇದ್ರೆ ಅದು ಮಾತ್ರ ನಮಗೆ" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು. ಆಸ್ತಿ ತೆರಿಗೆಯ ರಿಯಾಯಿತಿ ಮಾಲೀಕನದು. ತೆರಿಗೆ ಮಾತ್ರ ಬಾಡಿಗೆಯೊಳಗೆ ಅಡಗಿ ಬಾಡಿಗೆದಾರಳಿಂದ ಬರುತ್ತದೆ. 2025ರ ಏಪ್ರಿಲಿನಿಂದ ಕಸದ ಸೇವಾಶುಲ್ಕವೂ ತೆರಿಗೆಯೊಡನೆ ಸೇರಿತು. 600 ಚದರ ಅಡಿಯ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರ ಅಡಿಗೆ ಮೀರಿದ್ದಕ್ಕೆ 400. ಅದೇ ತಿಂಗಳು ನೀರಿನ ದರವೂ ಹನ್ನೊಂದು ವರ್ಷಗಳ ಮೇಲೆ ಮೊದಲ ಬಾರಿಗೆ ಏರಿತು. ಇವು ಅನ್ಯಾಯದ ದರಗಳೆಂದು ನಾನು ಹೇಳುತ್ತಿಲ್ಲ. ನೀರೆತ್ತುವ ವಿದ್ಯುತ್ತಿಗೆ ಹಣ ಬೇಕು, ಕಸ ಸಾಗಿಸುವವರಿಗೆ ಸಂಬಳ ಬೇಕು. ಆದರೆ ನಿಜವಾಗಿ ಹಣ ತೆರುವವರ ಹೆಸರು ಪ್ರಕಟಣೆಯ ವಿಳಾಸದಲ್ಲಿ ಇಲ್ಲ. ಅವರಲ್ಲಿ ರಾಯಚೂರು, ಯಾದಗಿರಿಗಳಿಂದ ಗುಳೆ ಬಂದ ಕಟ್ಟಡ ಕೆಲಸದವರಿದ್ದಾರೆ. ಬಿಹಾರ, ಒಡಿಶಾಗಳಿಂದ ಬಂದು ಕನ್ನಡದ ಅಕ್ಷರ ಅರಿಯದವರಿದ್ದಾರೆ. ಇವರಿಗೆ ಇನ್ನೂ ಡಂಗುರವೇ ಬೇಕು.

ಪಂಚಾಂಗ ಶ್ರವಣದಲ್ಲಿ ಕೇಳುಗ ಎದ್ದು ಪ್ರಶ್ನೆ ಹಾಕುವಂತಿಲ್ಲ. ಗ್ರಹಗಳು ಉತ್ತರ ಹೇಳುವುದಿಲ್ಲ. ನಗರದ ಆಯವ್ಯಯ ಹಾಗಲ್ಲ; ಅದನ್ನು ಚುನಾಯಿತರಾದ ಸದಸ್ಯರು ಸಭೆಯಲ್ಲಿ ಚರ್ಚಿಸಿ ಒಪ್ಪಬೇಕಾದದ್ದು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಂದಿನಿಂದ, 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದು ಪಾಲಿಕೆಗಳಾಗಿ ವಿಂಗಡಿಸಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ತರುವವರೆಗೆ, ಐದು ವಸಂತಗಳು ಸದಸ್ಯರಿಲ್ಲದೆ ಕಳೆದವು. ಆ ಐದು ವರ್ಷಗಳ ಆಯವ್ಯಯವನ್ನು ಅಧಿಕಾರಿಗಳೇ ಬರೆದರು, ಆಡಳಿತಾಧಿಕಾರಿಗಳೇ ಒಪ್ಪಿದರು. ಅವರು ದಕ್ಷರಾಗಿರಬಹುದು. ಆದರೆ ವಠಾರದ ತೊಟ್ಟಿ ಬರಿದಾದಾಗ ಯಾರ ಮನೆಯ ಬಾಗಿಲನ್ನು ತಟ್ಟಬೇಕು ಎಂಬುದಕ್ಕೆ ಉತ್ತರವಿರಲಿಲ್ಲ. 2024ರ ಬರವೂ ಈ ಐದರ ನಡುವೆಯೇ ಬಂದಿತು.

ಹಾಗಾದರೆ ನಮ್ಮಂಥ ಓದುಗರು ಮಾಡಬಹುದಾದದ್ದೇನು? ಮೊದಲನೆಯದಾಗಿ, ಪ್ರಕಟಣೆಯನ್ನು ಕೊನೆಯ ಸಾಲಿನವರೆಗೆ ಓದುವುದು. ಕರಡು ಪ್ರಕಟಣೆಗಳ ಕೊನೆಯಲ್ಲಿ, ಆಕ್ಷೇಪಣೆ ಮತ್ತು ಸಲಹೆಗಳನ್ನು ಇಂಥ ದಿನದೊಳಗೆ ಇಂಥಲ್ಲಿಗೆ ಕಳಿಸಬೇಕೆಂದು ಬರೆದಿರುತ್ತದೆ. ವಾರ್ಡುಗಳ ಗಡಿಯನ್ನು ಗುರುತಿಸಿದಾಗಲೂ ಹಾಗೆಯೇ ಆಯಿತು: 2025ರಲ್ಲಿ ಕರಡು ಹೊರಡಿಸಿ, ಆಕ್ಷೇಪಣೆ ಪಡೆದು, ಹಿಂದಿನ 198 ವಾರ್ಡುಗಳಿಗೆ ಬದಲು ಐದು ಪಾಲಿಕೆಗಳಿಗೂ ಸೇರಿ 369 ವಾರ್ಡುಗಳನ್ನು ಗೊತ್ತುಮಾಡಿದರು. ಆ ಕೊನೆಯ ಸಾಲು ಪ್ರಕಟಣೆಯಲ್ಲಿ ನಮಗಾಗಿ ತೆರೆದಿಟ್ಟ ಬಾಗಿಲು. ದಿನ ಕಳೆದರೆ ಮುಚ್ಚುತ್ತದೆ. ಎರಡನೆಯದಾಗಿ, ಆದೇಶ ಯಾವ ಇಲಾಖೆಯದೆಂದು ನೋಡುವುದು. ನೀರು ಜಲಮಂಡಲಿಯದು, ಚರಂಡಿಯ ಹೂಳು ಪಾಲಿಕೆಯದು, ಟ್ಯಾಂಕರ್ ದರ ಜಿಲ್ಲಾಡಳಿತದ್ದು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ಅಲೆದು ಸವೆಯುತ್ತದೆ. ಮೂರನೆಯದಾಗಿ, ಓದಬಲ್ಲವರು ಓದಲಾರದವರಿಗೆ ಓದಿ ಹೇಳುವುದು. ನಾಲ್ಕು ಮನೆಯವರು ಸೇರಿದರೆ ಒಂದು ಅರ್ಜಿಯಾಗುತ್ತದೆ. ಮಾಲೀಕನ ಸಹಿಯ ಜೊತೆಗೆ ಬಾಡಿಗೆದಾರರ ಸಹಿಯೂ ಅದರಲ್ಲಿರಲಿ.

ಈ ಏಪ್ರಿಲಿನಲ್ಲಿಯೂ ರಿಯಾಯಿತಿಯ ದಿನಾಂಕವನ್ನು ನಾವು ತಪ್ಪದೆ ನೆನಪಿಡುತ್ತೇವೆ. ಅದೇ ಕಾಗದದಲ್ಲಿ ನಮ್ಮ ವಾರ್ಡಿಗೆ ಎಷ್ಟು ಹಣ ಇಟ್ಟಿದ್ದಾರೆ, ಯಾವ ಕಾಲುವೆಯ ಹೂಳು ತೆಗೆಯುತ್ತಾರೆ, ಬೀದಿಯ ಕೊನೆಯ ವಠಾರಕ್ಕೆ ಕೊಳಾಯಿ ಯಾವಾಗ ಎಂಬುದನ್ನೂ ಹುಡುಕೋಣ. ಸಿಕ್ಕದಿದ್ದರೆ, ಸಿಕ್ಕಲಿಲ್ಲವೆಂದು ಬರೆದು ಕಳಿಸೋಣ. ಅಷ್ಟು ಮಾಡಲು ಒಂದು ಅಂಚೆ ಕಾರ್ಡು ಸಾಕು.